ಹಳ್ಳಕೊಳ್ಳಗಳ ಹೆಸರು

ಮನುಷ್ಯನು ತಾನು ಬಾಳುವ ನೆಲಕ್ಕೆ ಹೆಸರಿಡದೆ ಇರಲಾರನು. ಮಗು ಹುಟ್ಟಿದ ಮನೆಯಲ್ಲಿ ತೊಟ್ಟಿಲು ಕಟ್ಟಿ ನಾಮಕರಣ ಮಾಡುವಂತೆ, ಕಡಿದು ಹಸನು ಮಾಡಿದ ಗದ್ದೆಗೂ, ದಾಟಿ ಹೋಗಬೇಕಾದ ಹಳ್ಳಕ್ಕೂ, ದನಕರುಗಳು ನೀರಿಗಿಳಿಯುವ ತಗ್ಗಿಗೂ ಅವನು ಒಂದೊಂದು ಹೆಸರನ್ನು ಇಡುತ್ತ ಬಂದಿದ್ದಾನೆ. ಇವುಗಳಲ್ಲಿ ಊರಿನ ಹೆಸರಿಗೆ ಮಾತ್ರ ಸ್ವಲ್ಪ ಭಾಗ್ಯವಿದೆ. ಅದು ಶಾಸನದಲ್ಲಿ ಬರುತ್ತದೆ, ಅಂಚೆಯ ಮುದ್ರೆಯಲ್ಲಿ ಬರುತ್ತದೆ, ಬಸ್ಸಿನ ಹಣೆಯ ಮೇಲೆ ಬರುತ್ತದೆ. ಹಳ್ಳದ ಹೆಸರಿಗೆ, ಕೊಳ್ಳದ ಹೆಸರಿಗೆ ಆ ಭಾಗ್ಯವಿಲ್ಲ. ಅದು ಇರುವುದು ಆ ಹಳ್ಳದ ಎರಡು ದಂಡೆಗಳಲ್ಲಿ ವಾಸಿಸುವ ಹತ್ತಿಪ್ಪತ್ತು ಮನೆಗಳವರ ನಾಲಗೆಯ ಮೇಲೆ. ಆ ಹೆಸರುಗಳನ್ನು ಅರ್ಥಸಹಿತವಾಗಿ ಬರೆದಿಡಬೇಕು, ಅದನ್ನು ಶಾಲೆಯ ಮಕ್ಕಳೇ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂಬುದನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ನನ್ನ ಕಣ್ಣ ಮುಂದಿರುವುದು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸೀಮೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಮೂರು ತಾಲೂಕುಗಳ ನೆಲವನ್ನು ಮೇಲಿನಿಂದ ನೋಡಿದರೆ, ಮುದುಡಿ ಬಿಸುಟ ಕಂಬಳಿಯಂತೆ ಕಾಣುತ್ತದೆ. ಗುಡ್ಡವೊಂದು, ಅದರ ಮಗ್ಗುಲಲ್ಲಿ ತಗ್ಗೊಂದು, ತಗ್ಗಿನಲ್ಲಿ ಅಡಿಕೆಯ ತೋಟ, ತೋಟದ ನಡುವೆ ಹಳ್ಳ, ಮತ್ತೆ ಗುಡ್ಡ. ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಎಕ್ಕಂಬಿಯತ್ತ ಸಾಗಿದರೆ ಗುಡ್ಡಗಳು ಮೆಲ್ಲನೆ ತಗ್ಗುತ್ತವೆ, ತೋಟಗಳು ವಿರಳವಾಗಿ ಭತ್ತದ ಗದ್ದೆಗಳು ಹರಡಿಕೊಳ್ಳುತ್ತವೆ. ಮಲೆನಾಡು ಬಯಲುಸೀಮೆಗೆ ದಾರಿ ಬಿಡುವ ಎಡೆ ಅದು. ಶಿರಸಿ ತಾಲೂಕಿನ ಪಡುವಣ ಭಾಗದಲ್ಲಿ ಬಿದ್ದ ಮಳೆ ಅಘನಾಶಿನಿಯನ್ನೋ ಬೇಡ್ತಿಯನ್ನೋ ಕೂಡಿ ಅರಬೀ ಸಮುದ್ರಕ್ಕೆ ಇಳಿಯುತ್ತದೆ. ಅದೇ ತಾಲೂಕಿನ ಬನವಾಸಿಯ ಕಡೆ ಬಿದ್ದ ಮಳೆ ವರದೆಯನ್ನು ಸೇರಿ, ತುಂಗಭದ್ರೆ ಕೃಷ್ಣೆಯರ ಜೊತೆಗೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ತಾಲೂಕಿನ ನೀರು ಎರಡು ಕಡಲುಗಳಿಗೆ ಹಂಚಿಹೋಗುವಂತಹ ಇಂತಹ ನೆಲದಲ್ಲಿ ಹಳ್ಳಕೊಳ್ಳಗಳಿಗೆ ಹೆಸರಿಲ್ಲದೆ ಯಾರೂ ಯಾರಿಗೂ ದಾರಿ ಹೇಳುವಂತಿಲ್ಲ.

ಮೊದಲು ‘ಹಳ್ಳ’ ಎಂಬ ಮಾತನ್ನೇ ನೋಡಿರಿ. ಹಳಗನ್ನಡದ ಪಕಾರವು ಮುಂದೆ ಹಕಾರವಾದುದನ್ನು ನೀವು ವ್ಯಾಕರಣದಲ್ಲಿ ಓದಿರುವಿರಿ: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಹಾಗೆಯೇ ಪಳ್ಳ ಹಳ್ಳವಾಯಿತು. ತಮಿಳಿನಲ್ಲಿ ‘ಪಳ್ಳಂ’ ಎಂದರೆ ಇಂದಿಗೂ ತಗ್ಗು, ಗುಂಡಿ ಎಂದೇ ಅರ್ಥ. ಕನ್ನಡದಲ್ಲಿಯೂ ರಸ್ತೆಯಲ್ಲಿ ಹಳ್ಳ ಬಿದ್ದಿದೆ ಎಂದಾಗ ನಮಗೆ ನೀರು ನೆನಪಾಗುವುದಿಲ್ಲ. ನೆಲದ ತಗ್ಗಿಗೂ ಆ ತಗ್ಗಿನಲ್ಲಿ ಹರಿಯುವ ನೀರಿಗೂ ನಮ್ಮ ಹಿರಿಯರು ಒಂದೇ ಮಾತನ್ನು ಬಳಸಿದರು. ನೀರು ಬತ್ತಿದ ಬೇಸಗೆಯಲ್ಲಿಯೂ ಹಳ್ಳ ಹಳ್ಳವಾಗಿಯೇ ಉಳಿಯಿತು. ‘ಹೊಳೆ’ ಎಂಬುದು ಮಲಯಾಳದ ‘ಪುೞ’ ಎಂಬುದರ ಒಡಹುಟ್ಟು. ನಮ್ಮ ಕಡೆ ಅದು ಹಳ್ಳಕ್ಕಿಂತ ಹಿರಿದಾದ ನೀರು. ಕಲ್ಲುಬಂಡೆಯ ಮೇಲಿನಿಂದ ಧುಮುಕುವ ಸಣ್ಣ ನೀರು ‘ಅಬ್ಬಿ’. ಇದಕ್ಕೆ ತಮಿಳಿನ ‘ಅರುವಿ’ಯೊಡನೆ ನಂಟು. ಮಲೆನಾಡಿನ ಎಷ್ಟೋ ಮನೆಗಳು ತಲೆಮಾರುಗಳ ಕಾಲ ಕುಡಿದು ಬಾಳಿದುದು ಗುಡ್ಡದಿಂದ ದಬ್ಬೆಯಲ್ಲಿ ಹರಿದು ಅಂಗಳಕ್ಕೆ ಬರುತ್ತಿದ್ದ ಅಬ್ಬಿಯ ನೀರನ್ನು. ಎರಡು ಗುಡ್ಡಗಳ ನಡುವೆ ಕಿರಿದಾಗಿ ಇಳಿಯುವ ಕಣಿವೆ ‘ಕೊಡ್ಲು’. ವರ್ಷವಿಡೀ ಒಸರು ಆರದ ಜವುಗು ನೆಲ ‘ಜಡ್ಡಿ’. ಮರಗಳು ಒತ್ತೊತ್ತಾಗಿ ಬೆಳೆದು ಸದಾ ಹಸುರಾಗಿರುವ ಕಾಡು ‘ಕಾನು’. ಹುಲ್ಲಿನ ಬಯಲು ‘ಬೇಣ’. ಇವುಗಳಲ್ಲಿ ಪ್ರತಿಯೊಂದು ಮಾತೂ ಒಂದು ಬಗೆಯ ನೆಲವನ್ನು ಬೇರೊಂದರಿಂದ ಬೇರ್ಪಡಿಸಿ ತೋರಿಸುತ್ತದೆ. ಪಟ್ಟಣದಲ್ಲಿ ಬೆಳೆದ ಮಗುವಿಗೆ ಇವೆಲ್ಲವೂ ‘ಕಾಡು’, ಇವೆಲ್ಲವೂ ‘ನೀರು’.

ಈ ಮಾತುಗಳು ಹೆಸರುಗಳಾದಾಗ ಅವು ಇನ್ನೂ ಹೆಚ್ಚನ್ನು ಹೇಳುತ್ತವೆ. ಸಿದ್ದಾಪುರ ತಾಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡೊಂದಿದೆ. ಹಗಲಿನಲ್ಲಿಯೂ ಬಿಸಿಲು ನೆಲಕ್ಕೆ ಬೀಳದ ಕಾನು ಎಂಬುದನ್ನು ಹೆಸರೇ ಸಾರುತ್ತದೆ. ಅಲ್ಲಿ ಹಳ್ಳದ ಮಗ್ಗುಲಿನ ಜವುಗಿನಲ್ಲಿ ರಾಮಪತ್ರೆಯ ಜಾತಿಯ ಮರಗಳು, ಉಸಿರಾಡುವ ಬೇರುಗಳನ್ನು ಕೆಸರಿನಿಂದ ಮೊಣಕಾಲಿನಂತೆ ಮೇಲೆತ್ತಿ ನಿಂತಿರುತ್ತವೆ. ಜನರು ಇಂತಹ ಎಡೆಯನ್ನು ರಾಮಪತ್ರೆ ಜಡ್ಡಿ ಎಂದು ಕರೆಯುತ್ತಾರೆ. ವಿಜ್ಞಾನಿಗಳು ಈ ಜೌಗುಕಾಡುಗಳನ್ನು ಬಹು ಪ್ರಾಚೀನವಾದ ಅರಣ್ಯದ ಉಳಿಕೆಗಳೆಂದು ಗುರುತಿಸಿದ್ದಾರೆ. 2000ದಲ್ಲಿ ಈ ಕಾಡಿನಿಂದ ಗೇರಿನ ಕುಲಕ್ಕೆ ಸೇರಿದ ಹೊಸ ಮರವೊಂದನ್ನು ಸಸ್ಯಶಾಸ್ತ್ರಜ್ಞರು ವರ್ಣಿಸಿದರು. ಅದಕ್ಕೆ ಅವರು ಇಟ್ಟ ಲ್ಯಾಟಿನ್ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಹೀಗೆ ಸಿದ್ದಾಪುರದ ದನ ಕಾಯುವವರ ಬಾಯಿಯ ಮಾತೊಂದು ಜಗತ್ತಿನ ಸಸ್ಯಶಾಸ್ತ್ರದ ಗ್ರಂಥಗಳಲ್ಲಿ ಸೇರಿತು. ಆ ಮಾತಿನ ಅರ್ಥವು ಗೊತ್ತಿಲ್ಲದ ಪರದೇಶದ ವಿದ್ವಾಂಸನಿಗೆ ಅದು ಉಚ್ಚಾರಣೆಗೆ ತೊಡಕಾದ ಒಂದು ಪದ. ಗೊತ್ತಿರುವ ನಮಗೆ ಅದು ಆ ಮರಕ್ಕೆ ಯಾವ ಬಗೆಯ ನೆಳಲು ಬೇಕೆಂಬುದರ ಸೂಚನೆ.

ಜೋಗದ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಜೋಗವೆಂದರೆ ಶರಾವತಿಯು ಧುಮುಕುವ ತಾಣವೆಂದೇ ನಾವೆಲ್ಲರೂ ತಿಳಿದಿದ್ದೇವೆ. ಆದರೆ ಈ ಸೀಮೆಯಲ್ಲಿ ಜೋಗ ಎಂಬುದು ಎತ್ತರದಿಂದ ಬೀಳುವ ಯಾವ ನೀರಿಗೂ ಸಲ್ಲುವ ಮಾತು. ಸಿದ್ದಾಪುರದ ಕಡೆ ಬುರುಡೆ ಜೋಗವಿದೆ, ಉಂಚಳ್ಳಿ ಜೋಗವಿದೆ. ಉಂಚಳ್ಳಿಯಲ್ಲಿ ಅಘನಾಶಿನಿಯು 116 ಮೀಟರ್ ಆಳಕ್ಕೆ ಬೀಳುತ್ತದೆ. ಮಳೆಗಾಲದಲ್ಲಿ ಅದರ ಮುಂದೆ ನಿಂತು ಮಾತನಾಡಿದರೆ ಮಗ್ಗುಲಲ್ಲಿದ್ದವನಿಗೂ ಕೇಳಿಸುವುದಿಲ್ಲ. ಆದುದರಿಂದ ಸುತ್ತಣ ಜನರು ಅದನ್ನು ‘ಕೆಪ್ಪ ಜೋಗ’ ಎಂದು ಕರೆದರು. ಕೆಪ್ಪ ಎಂದರೆ ಕಿವುಡ. 1845ರಲ್ಲಿ ಲಷಿಂಗ್ಟನ್ ಎಂಬ ಆಂಗ್ಲ ಅಧಿಕಾರಿಯೊಬ್ಬನು ಅದನ್ನು ‘ಕಂಡುಹಿಡಿದ’ನಂತೆ, ಅಂದಿನಿಂದ ಪುಸ್ತಕಗಳಲ್ಲಿ ಅದು ಲಷಿಂಗ್ಟನ್ ಜಲಪಾತವಾಯಿತು. ಅವನು ಬರುವುದಕ್ಕೆ ಮೊದಲೇ ಅದರ ಸದ್ದಿಗೆ ಕಿವಿಗೊಟ್ಟು ಹೆಸರಿಟ್ಟವರು ಇದ್ದರೆಂಬುದನ್ನು ಆ ಪುಸ್ತಕಗಳು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಈ ಎರಡು ಹೆಸರುಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಿ ನೋಡಿರಿ. ಒಂದು ಆ ಎಡೆಯ ವಿಷಯವಾಗಿ ನಮಗೆ ಏನನ್ನೂ ತಿಳಿಸುವುದಿಲ್ಲ. ಇನ್ನೊಂದು, ಅಲ್ಲಿಗೆ ಹೋಗದವನ ಕಿವಿಯಲ್ಲಿಯೂ ಆ ನೀರನ್ನು ಮೊರೆಸುತ್ತದೆ.

ಅರ್ಥವನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಮಡಿಕೇರಿಯ ಹತ್ತಿರದ ಅಬ್ಬಿಯೇ ಸಾಕ್ಷಿ. ಅದನ್ನು ಅಲ್ಲಿನ ಮೊದಲ ಪಾದ್ರಿಯ ಮಗಳ ನೆನಪಿಗಾಗಿ ಜೆಸ್ಸಿ ಜಲಪಾತವೆಂದು ಆಂಗ್ಲರು ಕರೆದರೆಂದು ಹೇಳುತ್ತಾರೆ. ಆ ಹೆಸರು ನಿಲ್ಲಲಿಲ್ಲ, ಅಬ್ಬಿಯೇ ಉಳಿಯಿತು. ಆದರೆ ಉಳಿದ ಅಬ್ಬಿಗೆ ‘ಫಾಲ್ಸ್’ ಎಂಬ ಬಾಲ ಬೆಳೆದು ಅದು ‘ಅಬ್ಬಿ ಫಾಲ್ಸ್’ ಆಯಿತು. ಎಂದರೆ ಜಲಪಾತ ಜಲಪಾತ! ಇಷ್ಟು ಸಾಲದೆಂಬಂತೆ, ಇಂಗ್ಲಿಷಿನಲ್ಲಿ ಅದನ್ನು ಕ್ರೈಸ್ತ ಸನ್ಯಾಸಿಗಳ ಮಠವೆಂಬ ಅರ್ಥದ ‘ಅಬ್ಬೆ’ ಎಂಬ ಪದದ ಕಾಗುಣಿತದಲ್ಲಿ ಬರೆಯುವವರೂ ಇದ್ದಾರೆ. ದೂರದಿಂದ ಬಂದ ಪ್ರವಾಸಿಗಳು ಆ ಮಠವೆಲ್ಲಿದೆ ಎಂದು ಹುಡುಕಿದರೆ ಅವರ ತಪ್ಪೇನು?

ಹೆಸರನ್ನು ಕೆಡಿಸಿದವರು ಪರದೇಶದವರು ಮಾತ್ರವೆಂದು ನಾವು ತಿಳಿಯಬಾರದು. ನಮ್ಮ ಪಂಡಿತರೂ ಈ ಕೆಲಸದಲ್ಲಿ ಹಿಂದೆ ಬಿದ್ದವರಲ್ಲ. ಬಿಳಗಿಯಲ್ಲಿ ‘ಬಿಳಿ’ಯನ್ನು ಕಂಡು ಅದನ್ನು ಶ್ವೇತಪುರವೆಂದು ಕರೆದರು. ಸೋದೆಯನ್ನು ಸುಧಾಪುರವೆಂದರು, ಅಲ್ಲಿ ಅರ್ಥಕ್ಕಿಂತ ಹೆಚ್ಚಾಗಿ ಸದ್ದನ್ನು ಹಿಂಬಾಲಿಸಿದಂತೆ ತೋರುತ್ತದೆ. ಭಟ್ಕಳ ತಾಲೂಕಿನ ಹಾಡುವಳ್ಳಿ ಸಂಗೀತಪುರವಾಯಿತು. ಹಾಡು ಎಂದರೆ ಗೀತವೆಂಬುದು ನಿಜ. ಆದರೆ ಕರಾವಳಿಯಲ್ಲಿ ಮರಗಳ ತೋಪಿಗೆ ಹಾಡಿ ಎನ್ನುವುದೂ ಅಷ್ಟೇ ನಿಜ. ಸುತ್ತಲೂ ಕಾಡಿರುವ ಊರಿಗೆ ಸಂಗೀತದ ಪಟ್ಟ ಕಟ್ಟುವುದಕ್ಕೆ ಮುಂಚೆ, ಇದು ಹಾಡೋ ಹಾಡಿಯೋ ಎಂದು ಅಲ್ಲಿನ ಒಕ್ಕಲಿಗನೊಬ್ಬನನ್ನು ಕೇಳಬಹುದಾಗಿತ್ತು. ಹೀಗೆಂದ ಮಾತ್ರಕ್ಕೆ ಸಂಸ್ಕೃತದ ಹೆಸರುಗಳೆಲ್ಲವೂ ನಿಷ್ಪ್ರಯೋಜಕವೆಂದು ನಾನು ಹೇಳುವುದಿಲ್ಲ. ಗೇರುಸೊಪ್ಪೆಯನ್ನು ಭಲ್ಲಾತಕೀಪುರವೆಂದು ಕರೆದುದುಂಟು. ಭಲ್ಲಾತಕವೆಂದರೆ ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಡುಗೇರು. ಇಂದು ನಾವು ಗೇರು ಎಂದಾಗ ನೆನೆಯುವ ಗೋಡಂಬಿಯ ಮರ ಪೋರ್ತುಗೀಸರು ಹದಿನಾರನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ತಂದುದು. ಗೇರುಸೊಪ್ಪೆಯ ಹೆಸರು ಅದಕ್ಕಿಂತ ಹಳೆಯದು. ಆ ‘ಗೇರು’ ನಮ್ಮ ಕಾಡಿನ ಗೇರೇ ಹೊರತು ಕಡಲಾಚೆಯಿಂದ ಬಂದ ಗೇರಲ್ಲವೆಂಬುದನ್ನು ಸಂಸ್ಕೃತದ ಹೆಸರು ಸಾಕ್ಷಿ ನುಡಿದು ತಿಳಿಸುತ್ತದೆ. ಅನುವಾದ ಮಾಡಿದವನು ಅರ್ಥವನ್ನು ಬಲ್ಲವನಾಗಿದ್ದರೆ ಅವನಿಂದ ಇಂತಹ ಉಪಕಾರವೂ ಆಗುತ್ತದೆ.

ಅರ್ಥ ಹೇಳುವುದು ಸುಲಭವೆಂದು ಭಾವಿಸಿ ಊಹೆಯ ಕುದುರೆಯನ್ನು ಬಿಡುವುದು ಅಪಾಯ. ಎಕ್ಕಂಬಿ ಎಂಬ ಹೆಸರನ್ನೇ ತೆಗೆದುಕೊಳ್ಳಿರಿ. ಕೇಳಿದ ಕೂಡಲೇ ಒಬ್ಬನಿಗೆ ಎಕ್ಕದ ಗಿಡ ನೆನಪಾಗುತ್ತದೆ. ಇನ್ನೊಬ್ಬನಿಗೆ ಒಂದೇ ಕಂಬದ ಗುಡಿಯೊಂದು ಕಣ್ಣಿಗೆ ಕಟ್ಟುತ್ತದೆ. ಮೂರನೆಯವನು ಒಂದು ಕಥೆಯನ್ನೇ ಹೆಣೆಯುತ್ತಾನೆ. ಇವೆಲ್ಲವೂ ಜಾಣತನದ ಮಾತುಗಳು. ಹೆಸರಿನ ಅರ್ಥವನ್ನು ನಿರ್ಣಯಿಸಬೇಕಾದರೆ ಅದರ ಹಳೆಯ ರೂಪ ಬೇಕು. ಸುತ್ತಮುತ್ತಲಿನ ಊರುಗಳ ಹೆಸರುಗಳೊಡನೆ ಹೋಲಿಸಿ ನೋಡಬೇಕು. ನೆಲ ಆ ಅರ್ಥವನ್ನು ಒಪ್ಪುತ್ತದೆಯೇ ಎಂದು ನಡೆದು ನೋಡಬೇಕು. ಶಂ. ಬಾ. ಜೋಶಿಯವರಂತಹ ವಿದ್ವಾಂಸರು ಎಡೆಯ ಹೆಸರುಗಳಿಂದಲೇ ಕನ್ನಡ ನಾಡಿನ ಹಳೆಯ ಕಥೆಯನ್ನು ಓದಲು ಹೊರಟು, ಈ ವಿದ್ಯೆಗೆ ನಮ್ಮಲ್ಲಿ ಒಂದು ಗೌರವವನ್ನು ತಂದರು. ಅವರ ಮಾತನ್ನೆಲ್ಲ ಒಪ್ಪದವರೂ ಅವರು ತೋರಿದ ದಾರಿಯಲ್ಲಿಯೇ ನಡೆಯಬೇಕಾಯಿತು. ಆದರೆ ವಿದ್ವಾಂಸನಿಗೆ ಊರಿನ ಹೆಸರು ಶಾಸನದಲ್ಲಿ ಸಿಗುತ್ತದೆ, ಹಳ್ಳದ ಹೆಸರು ಸಿಗುವುದು ಅಪರೂಪ. ಶಬ್ದವನ್ನು ನಿಘಂಟಿನಲ್ಲಿ ಹುಡುಕಬಹುದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟು ನಮ್ಮಲ್ಲಿದೆ. ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ಹಿರಿಯ ನಿಘಂಟೂ ಇದೆ. ದೋಣಿ ಎಂದರೆ ನೀರಿನಲ್ಲಿ ತೇಲುವ ದೋಣಿಯೂ ಹೌದು, ನೀರು ತುಂಬುವ ಮರದ ಅಥವಾ ಕಲ್ಲಿನ ತೊಟ್ಟಿಯೂ ಹೌದು ಎಂಬಷ್ಟನ್ನು ನಿಘಂಟು ತಿಳಿಸೀತು. ಶಿರಸಿಯ ಬಳಿ ಹುಟ್ಟಿ ಅಘನಾಶಿನಿಯ ಒಂದು ಕವಲಾಗುವ ದೋಣಿಹಳ್ಳದಲ್ಲಿ ಇರುವುದು ಯಾವ ದೋಣಿ ಎಂಬುದನ್ನು ಹೇಳಬೇಕಾದವರು ಆ ಹಳ್ಳದ ದಂಡೆಯವರೇ. ಸ್ಕಾಟ್ಲೆಂಡಿನ ಗೇಲಿಕ್ ನುಡಿಯಲ್ಲಿ ಬೆಟ್ಟದ ಮಗ್ಗುಲಿನ ಬಟ್ಟಲಿನಂತಹ ತಗ್ಗಿಗೆ ‘ಕೊರೆ’ ಎನ್ನುತ್ತಾರೆ. ಆ ಮಾತಿನ ಮೂಲಾರ್ಥ ಕೊಪ್ಪರಿಗೆ. ಅಡಿಗೆಮನೆಯ ಪಾತ್ರೆಯನ್ನು ಬೆಟ್ಟದಲ್ಲಿ ಕಾಣುವ ಕಣ್ಣು ಅವರಿಗೂ ಇತ್ತು.

ಈ ಹೆಸರುಗಳು ಈಗ ಏಕೆ ಅಳಿಯುತ್ತಿವೆ? ಒಂದು ಕಾರಣ, ಲೆಕ್ಕದ ಪುಸ್ತಕ. ಬ್ರಿಟಿಷರ ಕಾಲದಲ್ಲಿ, 1862ರಲ್ಲಿ, ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಬಳಿಕ ನಡೆದ ಭೂಮಾಪನದಲ್ಲಿ ನೆಲಕ್ಕೆ ಸರ್ವೆ ನಂಬರುಗಳು ಬಂದವು. ಕಂದಾಯದ ವ್ಯವಹಾರಕ್ಕೆ ಅದು ಅನುಕೂಲವೇ. 2000ದ ಸುಮಾರಿನಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಯಂತ್ರಕ್ಕೆ ಏರಿದ ಮೇಲೆ ರೈತನಿಗೆ ಕಚೇರಿಯ ಅಲೆದಾಟವೂ ಎಷ್ಟೋ ಕಡಿಮೆಯಾಯಿತು. ಆದರೆ ಅಜ್ಜನ ಬಾಯಿಯಲ್ಲಿ ಹೆಸರಾಗಿದ್ದ ಗದ್ದೆ ಮೊಮ್ಮಗನ ಬಾಯಿಯಲ್ಲಿ ಅಂಕಿಯಾಯಿತು. ಈ ತಾಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಳಸುವ ಸೌಲಭ್ಯವಿದೆ; ಆ ಬೆಟ್ಟಕ್ಕೂ ಅಂಕಿಯಿದೆ. ಬೆಟ್ಟದೊಳಗಿನ ಅಬ್ಬಿಗೆ, ಜಡ್ಡಿಗೆ, ದನ ನೀರು ಕುಡಿಯುವ ಗುಂಡಿಗೆ ಕಾಗದದಲ್ಲಿ ಎಡೆಯೇ ಇಲ್ಲ.

ಎರಡನೆಯದು, ಕಾಲ್ನಡಿಗೆ ನಿಂತುದು. ಕಾಲುದಾರಿ ಹಳ್ಳವನ್ನು ದಾಟುವಾಗ ದಾಟುವವನು ಅದರ ಹೆಸರನ್ನು ಕಲಿಯುತ್ತಿದ್ದನು. ಮೋರಿಯ ಮೇಲೆ ಮೋಟಾರು ಸೈಕಲ್ಲಿನಲ್ಲಿ ಹಾಯುವವನಿಗೆ ಕೆಳಗೆ ನೀರಿರುವುದೂ ತಿಳಿಯದು. ಮೂರನೆಯದು ದೊಡ್ಡ ಕಟ್ಟುಗಳು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಬಂದಿತು. ಮಕ್ಕಿ ಎಂದರೆ ಮಳೆಯ ನೀರನ್ನೇ ನಂಬಿದ ಗದ್ದೆ. ಮಳೆ ಬಂದರೆ ಬೆಳೆ, ಇಲ್ಲವಾದರೆ ಇಲ್ಲ ಎಂಬಂತಹ ಗದ್ದೆಯ ಹೆಸರು ನಾಡಿನ ಮಹಾ ಜಲಾಶಯವೊಂದರ ಹೆಸರಾಗಿ ಕುಳಿತಿದೆ. ಆ ಒಂದು ಮಕ್ಕಿ ಹೆಸರಾಗಿಯಾದರೂ ಬದುಕಿತು. ನೀರಿನಡಿ ಸೇರಿದ ಇತರ ಮಕ್ಕಿ, ಹಳ್ಳ, ಕೊಳ್ಳಗಳ ಹೆಸರುಗಳು ಅಲ್ಲಿಂದ ಎದ್ದುಹೋದವರೊಡನೆ ಚದುರಿದವು. 1980ರ ದಶಕದಲ್ಲಿ ಕಾಳೀನದಿಯ ಅಣೆಕಟ್ಟಿನಿಂದ ಸೂಪಾ ಪಟ್ಟಣವೇ ಮುಳುಗಿತು. ತಾಲೂಕನ್ನು ಇಂದು ಜೋಯಿಡಾ ಎನ್ನುತ್ತೇವೆ. ಸೂಪಾ ಎಂಬುದು ಅದನ್ನು ಮುಳುಗಿಸಿದ ಕಟ್ಟಿನ ಹೆಸರಾಗಿ ಉಳಿದಿದೆ. 2021ರ ಜುಲೈ ತಿಂಗಳ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ದಾರಿಗಳು ಹಾಳಾದವು. ನೆಲದ ಆಕಾರವೇ ಬದಲಾದಾಗ ಹಿಂದೆ ಹಳ್ಳ ಎಲ್ಲಿತ್ತು, ಒರತೆ ಎಲ್ಲಿತ್ತು ಎಂಬುದನ್ನು ಹೇಳಲು ಉಳಿಯುವುದು ಜನರ ನೆನಪು, ನೆನಪಿನಲ್ಲಿರುವ ಹೆಸರು.

ಇಂತಹ ಕೆಲಸವನ್ನು ಮಾಡಿದ ದೇಶಗಳಿವೆ. ಐರ್ಲೆಂಡಿನಲ್ಲಿ 1824ರಲ್ಲಿ ಬ್ರಿಟಿಷ್ ಸರಕಾರವು ಇಡೀ ದ್ವೀಪದ ನಕ್ಷೆಯನ್ನು ಬರೆಯಿಸಲು ತೊಡಗಿತು. ನಕ್ಷೆಯಲ್ಲಿ ಹೆಸರುಗಳನ್ನು ಇಂಗ್ಲಿಷಿನ ಕಾಗುಣಿತಕ್ಕೆ ಬಗ್ಗಿಸಿ ಬರೆಯಬೇಕಾಗಿತ್ತು. ಅದಕ್ಕಾಗಿ 1830ರಲ್ಲಿ ಜಾನ್ ಒಡೊನೊವನ್ ಎಂಬ ವಿದ್ವಾಂಸನನ್ನು ನೇಮಿಸಿದರು. ಆತನು ರೈತನ ಮಗ. ಊರಿಂದೂರಿಗೆ ಅಲೆದು, ಐರಿಷ್ ಬಲ್ಲ ಮುದುಕರನ್ನು ಕೇಳಿ, ಹೆಸರು, ಅದರ ಮೂಲರೂಪ, ಅದರ ಅರ್ಥ ಇವನ್ನು ‘ಹೆಸರಿನ ಪುಸ್ತಕ’ಗಳಲ್ಲಿ ದಾಖಲೆ ಮಾಡಿದನು. ನಕ್ಷೆಯಲ್ಲಿ ಅಚ್ಚಾದುದು ಬಗ್ಗಿಸಿದ ರೂಪ. ಪುಸ್ತಕದಲ್ಲಿ ಉಳಿದುದು ನಿಜವಾದ ಹೆಸರು. 1845ರಲ್ಲಿ ಆ ದೇಶಕ್ಕೆ ಆಲೂಗೆಡ್ಡೆಯ ರೋಗದಿಂದ ಘೋರವಾದ ಕ್ಷಾಮ ಬಂದಿತು. ಸುಮಾರು ಹತ್ತು ಲಕ್ಷ ಜನರು ಸತ್ತರು, ಅಷ್ಟೇ ಜನರು ಹಡಗು ಹತ್ತಿ ದೇಶ ಬಿಟ್ಟರು. ಹೀಗೆ ಹೋದವರಲ್ಲಿ ಐರಿಷ್ ಮಾತನಾಡುತ್ತಿದ್ದ ಬಡ ರೈತರೇ ಬಹಳ. ಒಡೊನೊವನ್ ಹದಿನೈದು ವರ್ಷ ತಡವಾಗಿ ಹೊರಟಿದ್ದರೆ ಎಷ್ಟೋ ಹೆಸರುಗಳ ಅರ್ಥವನ್ನು ಹೇಳುವವರು ಅವನಿಗೆ ಸಿಗುತ್ತಿರಲಿಲ್ಲ. ಅಲ್ಲಿಗೂ ಈ ಕೆಲಸ ಮುಗಿಯಲಿಲ್ಲ. 1972ರಲ್ಲಿ ಟಿಮ್ ರಾಬಿನ್‌ಸನ್ ಎಂಬ ಇಂಗ್ಲೆಂಡಿನವನು ಪಶ್ಚಿಮದ ಆರನ್ ದ್ವೀಪಕ್ಕೆ ಬಂದು ನೆಲೆಸಿ, ಬಂಡೆಬಂಡೆಯ ಹೆಸರನ್ನೂ ಕೇಳಿ ಕೇಳಿ ಬರೆದು 1975ರಲ್ಲಿ ಆ ದ್ವೀಪಗಳ ನಕ್ಷೆಯೊಂದನ್ನು ಪ್ರಕಟಿಸಿದನು. ಹೊರಗಿನವನೊಬ್ಬನಿಗೆ ಇಷ್ಟು ಸಾಧ್ಯವಾದರೆ ಆ ನೆಲದಲ್ಲಿಯೇ ಹುಟ್ಟಿದವರಿಗೆ ಏಕೆ ಸಾಧ್ಯವಾಗಬಾರದು?

ಇದಕ್ಕೆ ಆಕ್ಷೇಪಗಳೂ ಇವೆ. ಹೆಸರುಗಳು ಹಿಂದೆಯೂ ಬದಲಾಗಿವೆ, ಮುಂದೆಯೂ ಬದಲಾಗುತ್ತವೆ. ಅವನ್ನು ಪುಸ್ತಕದಲ್ಲಿ ಹಿಡಿದಿಡುವುದೇಕೆ ಎಂದು ಕೇಳುವವರಿದ್ದಾರೆ. ನಾನು ಮಕ್ಕಳನ್ನು ಕರೆದುಕೊಂಡು ಹಳ್ಳಿಗಳಲ್ಲಿ ಹೆಸರು ಕೇಳುತ್ತ ತಿರುಗುತ್ತಿದ್ದ ಕಾಲದಲ್ಲಿ, ಎಮ್ಮೆ ಮೇಯಿಸುತ್ತಿದ್ದ ಒಬ್ಬ ಅಜ್ಜಿ ನಕ್ಕು, “ಮಾಸ್ತರ್ರೇ, ಹಳ್ಳ ಎಲ್ಲಾರೂ ಓಡಿಹೋಗ್ತದ್ಯಾ, ಬರ್ದು ಕಟ್ಟಿಹಾಕೂಕೆ?” ಎಂದು ಕೇಳಿದಳು. ಹಾಗೆ ಕೇಳಿದವಳು ಮರುಗಳಿಗೆಯಲ್ಲಿಯೇ ಆ ಹಳ್ಳದ ತಿರುವು ತಿರುವಿಗೂ ಇದ್ದ ಹೆಸರುಗಳನ್ನು ಹೇಳತೊಡಗಿದಳು. ಬಟ್ಟೆ ಒಗೆಯುವ ಕಲ್ಲಿಗೆ ಒಂದು, ಎಮ್ಮೆ ಕೂರುವ ಮಡುವಿಗೆ ಒಂದು, ಏಡಿ ಸಿಗುವ ಸಂದಿಗೆ ಒಂದು. ಹುಡುಗರ ಪೆನ್ಸಿಲು ಆಕೆಯ ಮಾತಿನ ಹಿಂದೆ ಓಡಲಾರದೆ ಹೋಯಿತು. ಅವಳ ಸೊಸೆಗೆ ಅವುಗಳಲ್ಲಿ ಎರಡೋ ಮೂರೋ ಗೊತ್ತಿದ್ದವು. ಮೊಮ್ಮಗನಿಗೆ ‘ಹಳ್ಳ’ ಎಂಬುದೊಂದೇ. ಹೆಸರು ಬದಲಾಗುವುದು ಬೇರೆ, ಹೆಸರೇ ಇಲ್ಲದಾಗುವುದು ಬೇರೆ. ಹಳೆಯ ಹೆಸರು ಹೋಗಿ ಹೊಸದು ಬಂದರೆ ನನಗೆ ದುಃಖವಿಲ್ಲ. ಈಗ ಹಳೆಯದು ಹೋದ ಎಡೆಯಲ್ಲಿ ಏನೂ ಬರುತ್ತಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಕೆಲವು ಹೆಸರುಗಳಲ್ಲಿ ಒಂದು ಜಾತಿಯವರನ್ನು ಕೀಳಾಗಿ ಕಾಣುವ ಮಾತುಗಳು ಸೇರಿವೆ. ಇಂತಿಂಥವರು ಮಾತ್ರ ನೀರು ತುಂಬಬೇಕಾದ ಗುಂಡಿ, ಇಂತಿಂಥವರು ಮಾತ್ರ ದಾಟಬೇಕಾದ ಕಡವು ಎಂಬ ನೆನಪು ಅವುಗಳಲ್ಲಿದೆ. ಅವನ್ನೂ ಬರೆಯಬೇಕೆ? ಬರೆಯಬೇಕೆಂದೇ ನನ್ನ ಎಣಿಕೆ. ಅಂತಹ ಹೆಸರನ್ನು ಕೈಮರದ ಮೇಲೆ ಬರೆಯಿಸುವುದು ಬೇಡ, ಶಾಲೆಯಲ್ಲಿ ಕೂಗಿ ಓದುವುದು ಬೇಡ. ಆದರೆ ನೀರಿನ ದಂಡೆಯಲ್ಲಿಯೂ ನಾವು ಗೆರೆ ಎಳೆದಿದ್ದೆವೆಂಬುದನ್ನು ಪುಸ್ತಕದಿಂದ ಅಳಿಸಿಬಿಟ್ಟರೆ, ಆ ಗೆರೆಯ ಆಚೆ ನಿಂತವರ ಕಷ್ಟವನ್ನೂ ಅಳಿಸಿದಂತಾಗುತ್ತದೆ. ಆದುದರಿಂದ ಆ ಹೆಸರನ್ನು ಅವರನ್ನೇ ಕೇಳಬೇಕು; ಅವರು ತಮ್ಮೊಳಗೆ ಅದನ್ನು ಏನೆಂದು ಕರೆಯುತ್ತಿದ್ದರೆಂಬುದನ್ನು ಮೊದಲು ಬರೆಯಬೇಕು. ಹಾಗೆಯೇ ಯಲ್ಲಾಪುರದ ಕಾಡುಗಳಲ್ಲಿ ಮರಾಠಿ ಆಡುವ ಗೌಳಿಗರಿದ್ದಾರೆ, ಕೊಂಕಣಿ ಬೆರೆತ ನುಡಿಯಾಡುವ ಸಿದ್ದಿಯರಿದ್ದಾರೆ. ಅವರು ಒಂದು ಕೊಳ್ಳಕ್ಕೆ ಇಟ್ಟುಕೊಂಡ ಹೆಸರು ಕನ್ನಡದ್ದಲ್ಲವೆಂದು ಬಿಡತಕ್ಕದ್ದಲ್ಲ. ಒಂದೇ ನೀರಿಗೆ ಎರಡು ಮೂರು ಹೆಸರುಗಳಿರುವುದು ದೋಷವೇನೂ ಅಲ್ಲ. ಘಟ್ಟದ ಮೇಲೆ ಬೇಡ್ತಿಯೆನಿಸಿಕೊಂಡು ಮಾಗೋಡಿನಲ್ಲಿ ಧುಮುಕುವ ಹೊಳೆಯೇ ಕಡಲ ಹತ್ತಿರ ಗಂಗಾವಳಿಯಾಗುತ್ತದೆ. ಸಹಸ್ರಲಿಂಗದಲ್ಲಿ ಬಂಡೆಗಳ ಮೇಲೆ ಲಿಂಗಗಳನ್ನು ತೊಳೆಯುತ್ತ ಹರಿಯುವ ನೀರನ್ನು ಕೆಲವರು ಶಾಲ್ಮಲಾ ಎನ್ನುತ್ತಾರೆ, ಕೆಲವರು ಸೋಂದಾ ಹೊಳೆ ಎನ್ನುತ್ತಾರೆ.

ಈ ಕೆಲಸಕ್ಕೆ ಹಣ ಬೇಡ, ಪಾಂಡಿತ್ಯವೂ ಹೆಚ್ಚು ಬೇಡ. ನೂರು ಹಾಳೆಯ ಒಂದು ಪುಸ್ತಕ ಸಾಕು. ಹೆಸರನ್ನು ಹೇಳಿದವರ ಬಾಯಿಯಲ್ಲಿ ಹೇಗೆ ಬಂದಿತೋ ಹಾಗೆಯೇ ಬರೆಯಬೇಕು. ‘ಶುದ್ಧ’ಗೊಳಿಸುವ ಆಸೆಯನ್ನು ತಡೆದುಕೊಳ್ಳಬೇಕು. ಈಗ ಮನೆಮನೆಯಲ್ಲಿಯೂ ಮೊಬೈಲು ಇರುವುದರಿಂದ ಒಪ್ಪಿಗೆ ಪಡೆದು ಧ್ವನಿಯನ್ನೂ ಮುದ್ರಿಸಿಕೊಳ್ಳಬಹುದು. ಅವರು ಹೇಳಿದ ಅರ್ಥವನ್ನು ಅವರ ಮಾತಿನಲ್ಲಿಯೇ ಬರೆದು, ನಿಮಗೆ ತೋರಿದ ಅರ್ಥವನ್ನು ಬೇರೆಯಾಗಿ, ಕೆಳಗೆ ಬರೆಯಿರಿ, ಎರಡನ್ನೂ ಬೆರೆಸಬೇಡಿರಿ. ಆ ಹಳ್ಳ ಎಲ್ಲಿ ಹುಟ್ಟಿ ಯಾವುದನ್ನು ಕೂಡುತ್ತದೆ, ಯಾವ ತಿಂಗಳಿನವರೆಗೆ ಅದರಲ್ಲಿ ನೀರಿರುತ್ತದೆ, ಹಿಂದೆ ಎಲ್ಲಿಯವರೆಗೆ ಇರುತ್ತಿತ್ತು ಎಂಬುದನ್ನು ಕೇಳಲು ಮರೆಯಬಾರದು. ವರ್ಷವಿಡೀ ನೀರಿರುವ ಎಡೆಗೆ ಇಟ್ಟ ಹೆಸರೊಂದು ಈಗ ಮಾಘ ಮಾಸಕ್ಕೇ ಒಣಗುವ ತಗ್ಗಿಗೆ ಅಂಟಿಕೊಂಡಿದ್ದರೆ, ಆ ಹೆಸರೇ ಒಂದು ದಾಖಲೆ. ಮೇಲಿನ ಕಾನು ಏನಾಯಿತು, ಕೊಳವೆಬಾವಿಗಳು ಎಷ್ಟಾದವು ಎಂಬ ಪ್ರಶ್ನೆಗಳು ಅಲ್ಲಿಂದಲೇ ಏಳುತ್ತವೆ. ಮನೆಯ ಯಜಮಾನನೊಬ್ಬನನ್ನೇ ಕೇಳಿ ಹಿಂದಿರುಗಬೇಡಿರಿ. ಗಂಡಸರಿಗೆ ಗದ್ದೆಯ ಹೆಸರುಗಳು ಚೆನ್ನಾಗಿ ಗೊತ್ತಿರುತ್ತವೆ. ನೀರಿನ ಹೆಸರುಗಳನ್ನು ಹೆಂಗಸರು ಹೆಚ್ಚು ಬಲ್ಲರು, ದನ ಕಾಯುವವರು ಅವರಿಗಿಂತಲೂ ಹೆಚ್ಚು ಬಲ್ಲರು.

ಬರೆದ ಪುಸ್ತಕ ಶಾಲೆಯ ಕಪಾಟಿನಲ್ಲಿ ಹಾಜರಿ ಪುಸ್ತಕದ ಮಗ್ಗುಲಲ್ಲಿರಲಿ. ಮುಂದಿನ ವರ್ಷ ಒಂಬತ್ತನೆಯ ತರಗತಿಗೆ ಬರುವವರು ಅದನ್ನೇ ತೆಗೆದುಕೊಂಡು, ಹಿಂದಿನವರು ಬಿಟ್ಟ ಕೊಳ್ಳದಿಂದ ಮುಂದುವರಿಸಬಹುದು. ಹೊರಡುವುದಕ್ಕೆ ಸುಗ್ಗಿ ಮುಗಿದು ಅಡಿಕೆಯ ಕೊಯ್ಲೂ ಆದ ಮೇಲಿನ ದಿನಗಳು ಒಳ್ಳೆಯವು. ಆಗ ಹಿರಿಯರಿಗೆ ಕೂತು ಮಾತನಾಡಲು ಬಿಡುವಿರುತ್ತದೆ, ಹಳ್ಳಗಳಲ್ಲಿ ಇಳಿದು ನಡೆಯುವಷ್ಟು ನೀರು ತಗ್ಗಿರುತ್ತದೆ, ಇಂಬಳಗಳ ಕಾಟವೂ ಇರುವುದಿಲ್ಲ.